ಹಗ್ಗ ಕೆಳಗೆ ಮುಟ್ಟಲಿಲ್ಲ

ಪ್ರಶ್ನೆ: ನನ್ನದು ಓಡಾಟದ ಕೆಲಸ. ತಿಂಗಳಿಗೆ 1,500 ಕಿ.ಮೀ. ಆಗುತ್ತದೆ, ಸಂಬಳ ಪೆಟ್ರೋಲಿಗೇ ಸೋರಿ ಹೋಗುತ್ತಿದೆ. ಆದರೆ ಎಲೆಕ್ಟ್ರಿಕ್ ಕಾರು ಕೊಂಡವರೆಲ್ಲ ನನಗಿಂತ ಅನುಕೂಲಸ್ಥರು. ಅವರ ಗಾಡಿ ವಾರಕ್ಕೆರಡು ಸಲ ಹೊರಗೆ ಬಂದರೆ ಹೆಚ್ಚು. ಇದು ಯಾವ ನ್ಯಾಯ?

ಉತ್ತರ: ನ್ಯಾಯದ ಮಾತು ಆಮೇಲೆ, ಮೊದಲು ಲೆಕ್ಕ ನೋಡೋಣ. ಲೀಟರಿಗೆ 15 ಕಿ.ಮೀ. ಅಂದರೂ ನಿಮಗೆ ತಿಂಗಳಿಗೆ 100 ಲೀಟರ್ ಬೇಕು. ಸಣ್ಣ ಎಲೆಕ್ಟ್ರಿಕ್ ಕಾರು 100 ಕಿ.ಮೀ.ಗೆ ಸುಮಾರು 15 ಯೂನಿಟ್ ತಿನ್ನುತ್ತದೆ. ಅಲ್ಲಿಗೆ 225 ಯೂನಿಟ್. ಕರೆಂಟ್ ಬಿಲ್ ಪಕ್ಕದಲ್ಲಿಟ್ಟುಕೊಂಡು ನೀವೇ ಗುಣಿಸಿ ನೋಡಿ, ಹೊಟ್ಟೆ ಉರಿಯುತ್ತದೆ! ಹೆಚ್ಚು ಓಡಿಸುವವರಿಗೇ ಹೆಚ್ಚು ಉಳಿತಾಯ. ತೊಡಕು ಏನೆಂದರೆ, ಪೆಟ್ರೋಲಿಗೆ ನಾವು ವಾರ ವಾರ ಕೊಡುತ್ತೇವೆ, ಬ್ಯಾಟರಿಗೆ ಮೊದಲ ದಿನವೇ ಕೊಡಬೇಕು. ಗಂಟು ಇದ್ದವರು ಕೊಡುತ್ತಾರೆ. ನಾವು ಸಾಲ ಮಾಡುತ್ತೇವೆ, ಉಳಿದದ್ದರಲ್ಲಿ ಅರ್ಧ ಬಡ್ಡಿಗೆ ಹೋಗುತ್ತದೆ.

ಸರ್ಕಾರದ ನೆರವೂ ಎಷ್ಟೋ ಸಲ ಉಳ್ಳವರ ಕಡೆಗೇ ಹರಿದಿದೆ. ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಕಟ್ಟಬೇಕಾದ ತೆರಿಗೆಯಲ್ಲೇ 7,500 ಡಾಲರ್‌ವರೆಗೆ ಕಡಿತ ಇತ್ತು. ಆದರೆ ವರ್ಷಕ್ಕೆ 2,000 ಡಾಲರ್ ತೆರಿಗೆ ಕಟ್ಟುವವನಿಗೆ ಸಿಗುತ್ತಿದ್ದದ್ದು ಆ 2,000 ಅಷ್ಟೇ. ಹೆಚ್ಚು ಆದಾಯದವರಿಗೆ ಇಲ್ಲ ಎಂಬ ಮಿತಿ ಬಂದದ್ದು 2023ರಲ್ಲಿ, ಶೋರೂಮಿನಲ್ಲೇ ಬೆಲೆ ಇಳಿಸಿಕೊಳ್ಳುವ ಅವಕಾಶ 2024ರಲ್ಲಿ. 2025ರ ಸೆಪ್ಟೆಂಬರಿಗೆ ಯೋಜನೆಯೇ ಮುಗಿಯಿತು. ಬಡವರಿಗೆ ಆಸಕ್ತಿ ಇಲ್ಲ ಅನ್ನುವವರು ಫ್ರಾನ್ಸ್ ಕಡೆ ನೋಡಬೇಕು. 2024ರ ಶುರುವಿನಲ್ಲಿ ಅಲ್ಲಿ ಕಡಿಮೆ ಆದಾಯದವರಿಗೆ ಅಗ್ಗದ ಮಾಸಿಕ ಬಾಡಿಗೆಗೆ ಎಲೆಕ್ಟ್ರಿಕ್ ಕಾರು ಕೊಟ್ಟರು. ಅರ್ಜಿಗಳು ಎಷ್ಟು ಬಂದವೆಂದರೆ, ಕೆಲವೇ ವಾರಗಳಲ್ಲಿ ಆ ವರ್ಷದ ಬಾಗಿಲು ಹಾಕಬೇಕಾಯಿತು.

ದುಡ್ಡಿಗಿಂತ ನನ್ನನ್ನು ಸೋಲಿಸಿದ್ದು ಬೇರೆ. ಆಗ ಎರಡನೇ ಮಹಡಿಯ ಬಾಡಿಗೆ ಮನೆ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರೊಂದು ಕೈಗೆಟುಕುವ ಬೆಲೆಗೆ ಸಿಕ್ಕಿತ್ತು. ಮುಂಗಡ ಕೊಡುವ ಹಿಂದಿನ ದಿನ, ಚಾರ್ಜಿಂಗ್ ವೈರು ಕೆಳಗೆ ಮುಟ್ಟೀತೇ ಎಂದು ಬಟ್ಟೆ ಒಣಗಿಸುವ ಹಗ್ಗವನ್ನು ಕಿಟಕಿಯಿಂದ ಇಳಿಬಿಟ್ಟು ನೋಡಿದೆ. ನೆಲದಿಂದ ಒಂದಾಳೆತ್ತರದಲ್ಲಿ ನಿಂತು ಸುಮ್ನೆ ತೂಗಾಡುತ್ತಿತ್ತು. ಕೆಳಗೊಂದು ಪ್ಲಗ್ ಹಾಕಿಸಿಕೊಳ್ಳಲಾ ಎಂದು ಕೇಳಿದ್ದಕ್ಕೆ ಮನೆ ಓನರ್ "ನಾಳೆ ನೀವು ಖಾಲಿ ಮಾಡಿದರೆ?" ಅಂದರು. ಅವರ ಮಾತೂ ಸರಿ, ಅಲ್ವಾ? ಸ್ವಂತ ಮನೆ, ಸ್ವಂತ ಶೆಡ್ ಇದ್ದವರು ರಾತ್ರಿ ಪ್ಲಗ್ ಚುಚ್ಚಿ ಮಲಗುತ್ತಾರೆ. ಉಳಿದವರು ಹೊರಗಿನ ಚಾರ್ಜಿಂಗ್ ನಂಬಬೇಕು. ಅಲ್ಲಿ ಯೂನಿಟ್ ದರ ಸಾಮಾನ್ಯವಾಗಿ ಮನೆಯದ್ದಕ್ಕಿಂತ ಜಾಸ್ತಿ, ಕಾಯುವುದು ಬೇರೆ. ನಾನು ಆ ಕಾರು ಬಿಟ್ಟೆ.

ನಿಮಗೆ ರಾತ್ರಿ ಚಾರ್ಜ್ ಮಾಡಲು ಜಾಗ ಖಚಿತವಾಗಿದ್ದರೆ ಹೊಸದರ ಆಸೆ ಬಿಟ್ಟು ಮೂರ್ನಾಲ್ಕು ವರ್ಷ ಓಡಿದ್ದನ್ನು ಹುಡುಕಿ. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಅದು ನಿಮ್ಮ ಹೆಸರಿಗೆ ವರ್ಗವಾಗುತ್ತದಾ ಎಂದು ಬರವಣಿಗೆಯಲ್ಲಿ ಕೇಳಿ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬ ವರದಿಯನ್ನೂ ತೆಗೆಸಿ. ಮಾರುವವರು ಅದಕ್ಕೆ ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.