ಓದುಗರ ಪ್ರಶ್ನೆ: ಚಿಪ್ ಕೀ ಇರುವ ಹಳೆಯ ಕಾರಿಗೆ ಹೊಸ ಇಗ್ನಿಷನ್ ಲಾಕ್

ಪ್ರಶ್ನೆ: ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಚಿಪ್ ಇರುವ ಮಾದರಿ. ಕೆಲವು ತಿಂಗಳುಗಳಿಂದ ಕೀ ಇಗ್ನಿಷನ್‌ನಲ್ಲಿ ಸಲೀಸಾಗಿ ತಿರುಗುತ್ತಿಲ್ಲ. ನಾಲ್ಕೈದು ಸಲ ಹೊರಗೆಳೆದು, ಮತ್ತೆ ಹಾಕಿ, ಅಲುಗಾಡಿಸಿದ ಮೇಲೆ ತಿರುಗುತ್ತದೆ. ಆಮೇಲೆ ಎಂಜಿನ್ ಸರಿಯಾಗಿಯೇ ಓಡುತ್ತದೆ. ಬಾಗಿಲಿನ ಬೀಗದಲ್ಲಿ ಅದೇ ಕೀ ತೊಂದರೆ ಕೊಡುವುದಿಲ್ಲ. ಲಾಕ್, ಕೀ, ಎಂಜಿನ್ ಕಂಪ್ಯೂಟರ್ ಮೂರನ್ನೂ ಒಟ್ಟಿಗೆ ಬದಲಿಸದಿದ್ದರೆ ಕಾರು ಸ್ಟಾರ್ಟ್ ಆಗುವುದಿಲ್ಲವೆಂದು ಮೆಕ್ಯಾನಿಕ್ ಹೇಳುತ್ತಾರೆ. ಇದು ನಿಜವೇ? ಲಾಕ್ ಒಂದನ್ನು ನಾನೇ ಬದಲಿಸಿಕೊಳ್ಳಬಹುದೇ?

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಮೂರನ್ನೂ ಬದಲಿಸುವ ಅಗತ್ಯ ಕಾಣುವುದಿಲ್ಲ. ನಿಮ್ಮ ಕೈಯಲ್ಲಿರುವ ಕೀ ನೋಡಲು ಒಂದೇ ಆದರೂ ಅದು ತೆರೆಯುವ ಬೀಗಗಳು ಎರಡು. ಲೋಹದ ಹಲ್ಲುಗಳು, ಲಾಕ್‌ನಲ್ಲಿ ಕೀ ಹೋಗಿ ಕೂತು ತಿರುಗುವ ಭಾಗವಾದ ಸಿಲಿಂಡರ್‌ನೊಳಗಿನ ತೆಳು ಬಿಲ್ಲೆಗಳನ್ನು ಸರಿಯಾದ ಎತ್ತರಕ್ಕೆ ತಂದು ಸಿಲಿಂಡರ್ ತಿರುಗುವಂತೆ ಮಾಡುತ್ತವೆ. ಅದು ಮೊದಲನೆಯ ಬೀಗ. ಎರಡನೆಯದು ಚಿಪ್ಪಿನದು. ಆ ಚಿಪ್ಪಿಗೆ ಸ್ವಂತ ಬ್ಯಾಟರಿ ಇರುವುದಿಲ್ಲ. ಸಿಲಿಂಡರ್‌ನ ಬಾಯಿಯ ಸುತ್ತ ಕೂರಿಸಿರುವ ತಂತಿಸುರುಳಿಯ ಉಂಗುರವು ಕೀ ತಿರುಗಿಸಿದೊಡನೆ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ತಿಳಿಸುತ್ತದೆ, ಗುರುತು ಹೊಂದಿದರೆ ಮಾತ್ರ ಇಮೊಬಿಲೈಸರ್ ಎಂಬ ಕಳ್ಳತನ ತಡೆಯುವ ವ್ಯವಸ್ಥೆ ಎಂಜಿನ್ ಓಡಲು ಬಿಡುತ್ತದೆ. ಸಿಲಿಂಡರ್‌ಗೆ ಚಿಪ್ ಗೊತ್ತಿಲ್ಲ, ಕಂಪ್ಯೂಟರ್‌ಗೆ ಹಲ್ಲುಗಳು ಗೊತ್ತಿಲ್ಲ. ಕೀ ತಿರುಗಿದ ಮೇಲೆ ನಿಮ್ಮ ಎಂಜಿನ್ ತಕರಾರಿಲ್ಲದೆ ಓಡುತ್ತಿರುವುದರಿಂದ ಎರಡನೆಯ ಬೀಗ ನೆಟ್ಟಗಿದೆ ಎಂದೇ ಅರ್ಥ, ಅದರ ಗೊಡವೆಗೆ ಹೋಗಬೇಡಿ.

ಸಿಲಿಂಡರ್ ಕೊಳ್ಳುವ ಮೊದಲು, ಅದೇ ಹಾಳಾಗಿದೆಯೋ ಇಲ್ಲವೋ ನೋಡಿಕೊಳ್ಳಿ. ಅಷ್ಟಾಗಿ ಬಳಸದ ಎರಡನೆಯ ಕೀ ಇದ್ದರೆ ಅದನ್ನು ಹಾಕಿ ತಿರುಗಿಸಿ. ಅದು ಸಲೀಸಾಗಿ ತಿರುಗಿದರೆ ಸವೆದಿರುವುದು ನಿಮ್ಮ ಕೀಯೇ ಹೊರತು ಲಾಕ್ ಅಲ್ಲ. ಬಾಗಿಲು ತೆರೆಯುತ್ತದೆ ಎಂಬುದರಿಂದ ಕೀ ಚೆನ್ನಾಗಿದೆ ಎಂದು ಹೇಳಲಾಗದು, ಏಕೆಂದರೆ ಎಷ್ಟೋ ಮಾದರಿಗಳಲ್ಲಿ ಬಾಗಿಲಿನ ಬೀಗದಲ್ಲಿ ಇಗ್ನಿಷನ್‌ಗಿಂತ ಕಡಿಮೆ ಬಿಲ್ಲೆಗಳಿರುತ್ತವೆ, ಅದು ತಿರುಗುವುದೂ ಕಡಿಮೆ. ಕೀ ಸವೆದಿದ್ದರೆ ಅದನ್ನೇ ಇಟ್ಟು ನಕಲು ಮಾಡಿಸಬೇಡಿ, ಸವಕಳಿಯೂ ನಕಲಾಗುತ್ತದೆ. ಕಾರು ಹೊಸದಾಗಿದ್ದಾಗ ಕೀಗಳ ಜೊತೆ ಕೊಡುತ್ತಿದ್ದ ಪುಟ್ಟ ತಗಡಿನ ಮೇಲಿನ ಕೋಡ್ ಸಂಖ್ಯೆಯನ್ನು ಕೊಟ್ಟು ಆ ಕೋಡ್ ಪ್ರಕಾರವೇ ಹೊಸ ಕೀ ಕತ್ತರಿಸಿಕೊಡಲು ಹೇಳಿ. ಇನ್ನೊಂದು ಸಂಗತಿ: ಚಕ್ರ ಒಂದು ಕಡೆಗೆ ಒತ್ತಿಕೊಂಡು ನಿಂತಿದ್ದರೆ ಸ್ಟೀರಿಂಗ್ ಲಾಕ್‌ನ ಕಡ್ಡಿಯ ಮೇಲೆ ಭಾರ ಬಿದ್ದು ಒಳ್ಳೆಯ ಕೀಯೂ ತಿರುಗುವುದಿಲ್ಲ. ಸ್ಟೀರಿಂಗ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸುತ್ತ ಕೀ ತಿರುಗಿಸಿ ನೋಡಿ.

ಎಣ್ಣೆ ಮಾತ್ರ ಬಿಡಬೇಡಿ. ಎಣ್ಣೆ ಬಿಟ್ಟು ಬಿಟ್ಟು ಬಳಸಿದ ಸಿಲಿಂಡರನ್ನು ಬಿಚ್ಚಿದಾಗ ಬಿಲ್ಲೆಗಳ ಅಂಚಿಗೆ ಮೇಣದಂತಹ ಕಪ್ಪು ಜಿಡ್ಡು ಮೆತ್ತಿಕೊಂಡಿರುತ್ತದೆ, ಆ ಜಿಡ್ಡಿನೊಳಗೆ ಸವೆದ ಹಿತ್ತಾಳೆಯ ಪುಡಿ ಮಿನುಗುತ್ತದೆ, ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳು ಅದರಲ್ಲಿ ಹೂತು ನಿಂತಿರುತ್ತವೆ. ಗ್ರಾಫೈಟ್ ಪುಡಿಯಂತಹ ಒಣ ಪದಾರ್ಥವನ್ನು ಚಿಟಿಕೆಯಷ್ಟು ಹಾಕಿದರೆ ಸಾಕು.

ಇಷ್ಟಾದರೂ ಹಟ ಬಿಡದಿದ್ದರೆ ಸಿಲಿಂಡರ್ ಬದಲಿಸಬೇಕು, ಆದರೆ ಅದನ್ನು ಕೀ ಇನ್ನೂ ತಿರುಗುತ್ತಿರುವಾಗಲೇ ಮಾಡಿ. ಬಹಳಷ್ಟು ಕಾರುಗಳಲ್ಲಿ ಕೀಯನ್ನು ಮೊದಲ ಹಂತಕ್ಕೆ ತಿರುಗಿಸಿ, ಲಾಕ್‌ನ ಮೈಯಲ್ಲಿರುವ ಸಣ್ಣ ರಂಧ್ರದೊಳಗೆ ತೆಳು ಕಡ್ಡಿಯಿಂದ ಒತ್ತಿದರೆ ಸಿಲಿಂಡರ್ ಕೀಯೊಂದಿಗೇ ಹೊರಗೆ ಬರುತ್ತದೆ. ಕೀ ಪೂರ್ತಿ ಕಚ್ಚಿಕೊಂಡ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಸಿಲಿಂಡರನ್ನು ಕೊರೆದು ತೆಗೆಯಬೇಕಾಗುತ್ತದೆ, ಇಲ್ಲವೇ ಲಾಕ್‌ನ ಇಡೀ ಮನೆಯನ್ನೇ ಕಳಚಬೇಕಾಗುತ್ತದೆ. ಆ ಮನೆಯನ್ನು ಸ್ಟೀರಿಂಗ್ ಕಂಬಕ್ಕೆ ಬಿಗಿದಿರುವ ಬೋಲ್ಟುಗಳ ತಲೆ, ಕಾರ್ಖಾನೆಯಲ್ಲಿ ಬಿಗಿಯುವಾಗಲೇ ಮುರಿದುಬೀಳುವಂತೆ ಮಾಡಿರುತ್ತಾರೆ, ಕಳ್ಳನ ಪಾನಾಗೆ ಹಿಡಿತ ಸಿಗಬಾರದೆಂದು. ನಿಮ್ಮ ಪಾನಾಗೂ ಸಿಗುವುದಿಲ್ಲ. ಅಲ್ಲಿಗೆ ಬಂದರೆ ಕೆಲಸವನ್ನು ಗ್ಯಾರೇಜಿಗೆ ಬಿಡುವುದೇ ಒಳ್ಳೆಯದು.

ಕೆಲಸ ಶುರು ಮಾಡುವ ಮುನ್ನ ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ, ಏರ್‌ಬ್ಯಾಗ್ ಇದ್ದರೆ ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯಿರಿ. ಹಳೆಯ ರೇಡಿಯೊಗಳಲ್ಲಿ ಕೆಲವು ಬ್ಯಾಟರಿ ಕಳಚಿದೊಡನೆ ಕೋಡ್ ಕೇಳಿ ಮೂಕವಾಗುತ್ತವೆ. ಆ ಕೋಡನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಸ್ಟೀರಿಂಗ್ ಕಂಬದ ಕವಚ ಬಿಚ್ಚಿದ ಮೇಲೆ ಚಿಪ್ ಓದುವ ಉಂಗುರವನ್ನು ಮೃದುವಾಗಿ ಹೊರಗೆಳೆದಿಡಿ, ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಕೊಂಡಿ ಮುಟ್ಟಿದರೆ ಪುಡಿಯಾಗುವುದುಂಟು.

ಹೊಸ ಸಿಲಿಂಡರ್ ವಿಷಯದಲ್ಲಿ ನನ್ನ ಸಲಹೆ ಇದು. ಹಳೆಯ ಕೀಯ ಕೋಡಿಗೆ ಹೊಂದುವಂತೆ ಬಿಲ್ಲೆ ಜೋಡಿಸಿದ ಸಿಲಿಂಡರನ್ನೇ ತರಿಸಿ, ಅಥವಾ ಖಾಲಿ ಸಿಲಿಂಡರ್ ತಂದು ಕೀ ತಜ್ಞರಿಂದ ಹಾಗೆ ಜೋಡಿಸಿಕೊಳ್ಳಿ. ಬಿಲ್ಲೆಗಳ ಎತ್ತರಗಳು ಕೆಲವೇ ಬಗೆ, ಆದ್ದರಿಂದ ಇದು ತಿಳಿದವರಿಗೆ ದೊಡ್ಡ ಕೆಲಸವಲ್ಲ. ಹೀಗೆ ಮಾಡಿದರೆ ಬಾಗಿಲಿಗೂ ಇಗ್ನಿಷನ್‌ಗೂ ಒಂದೇ ಕೀ ಉಳಿಯುತ್ತದೆ, ಚಿಪ್ ಹಳೆಯದೇ ಆದ್ದರಿಂದ ಪ್ರೋಗ್ರಾಮಿಂಗ್ ಏನೂ ಬೇಕಾಗುವುದಿಲ್ಲ. ತನ್ನದೇ ಕೀಗಳೊಂದಿಗೆ ಬರುವ ಸಿದ್ಧ ಸಿಲಿಂಡರ್ ಹಾಕಿದರೆ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಎಂದು ಎರಡು ಕೀ ಹೊತ್ತು ತಿರುಗಬೇಕು, ಹೊಸ ಕೀಯ ಚಿಪ್ಪನ್ನು ಕಂಪ್ಯೂಟರ್‌ನಲ್ಲಿ ನೋಂದಾಯಿಸಬೇಕು.

ಜೋಡಣೆ ಮುಗಿದ ಮೇಲೆ, ಕಾರು ನಿಂತಿರುವಾಗಲೇ ಎಲ್ಲ ಹಂತಗಳನ್ನೂ ಪರೀಕ್ಷಿಸಿ. ಕೀ ಲಾಕ್ ಹಂತದಲ್ಲಿ ಮಾತ್ರ ಹೊರಬರಬೇಕು. ಎಂಜಿನ್ ಓಡುವ ಹಂತದಲ್ಲಿ ಕೀ ಗಟ್ಟಿಯಾಗಿ ನಿಲ್ಲಬೇಕು. ಇದು ಸಣ್ಣ ಮಾತಲ್ಲ: 2014ರಲ್ಲಿ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿದ್ದು, ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದು ಕೀ ಗೊಂಚಲಿನ ಭಾರಕ್ಕೋ ಮೊಣಕಾಲು ತಾಗಿದ್ದಕ್ಕೋ ಕೀ ಹಿಂದಕ್ಕೆ ಜಾರಿ, ಓಡುತ್ತಿರುವಾಗಲೇ ಎಂಜಿನ್ ನಿಂತು, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೆ ಹೋಗುತ್ತಿದ್ದುದರಿಂದ. ಮನೆಯ, ಕಪಾಟಿನ, ಪೆಟ್ಟಿಗೆಯ ಕೀಗಳನ್ನೆಲ್ಲ ಕಾರಿನ ಕೀಗೆ ನೇತುಹಾಕುವ ಅಭ್ಯಾಸವನ್ನು ಹೊಸ ಸಿಲಿಂಡರ್ ಬಂದ ದಿನವೇ ಬಿಟ್ಟುಬಿಡಿ.

ಪ್ರಶ್ನೆ: ನಾನೇ ಸಿಲಿಂಡರ್ ಬದಲಿಸಿದೆ. ಈಗ ಕೀ ಸಲೀಸಾಗಿ ತಿರುಗುತ್ತದೆ, ಎಂಜಿನ್ ಹಿಡಿಯುತ್ತದೆ, ಆದರೆ ಎರಡೇ ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿಹ್ನೆಯ ದೀಪ ಮಿನುಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಬೀಗದ ಕೆಲಸ ಸರಿಯಾಗಿದೆ, ಇಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಮೊದಲು ಉಂಗುರವನ್ನು ನೋಡಿ: ಅದು ಸಿಲಿಂಡರ್‌ನ ಬಾಯಿಗೆ ಪೂರ್ತಿ ಕೂತಿದೆಯೇ, ಅದರ ತಂತಿಯ ಕನೆಕ್ಟರ್ ಕಚ್ಚಿಕೊಂಡಿದೆಯೇ ಎಂದು. ಕವಚ ಮುಚ್ಚುವ ಅವಸರದಲ್ಲಿ ಇದನ್ನು ಸಿಕ್ಕಿಸಲು ಮರೆಯುವವರು ಬಹಳ. ಆಮೇಲೆ ಹಳೆಯ ಕೀಯನ್ನು ಹೊಸ ಕೀಯ ತಲೆಗೆ ತಾಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಎಂಜಿನ್ ನಿಲ್ಲದೆ ಓಡಿದರೆ ಹೊಸ ಕೀಯ ಚಿಪ್ ನೋಂದಣಿಯಾಗಿಲ್ಲ ಅಥವಾ ಅದರಲ್ಲಿ ಚಿಪ್ಪೇ ಇಲ್ಲ ಎಂದು ತಿಳಿಯಿರಿ. ಒಂದೇ ಬಳೆಯಲ್ಲಿ ಇನ್ನೊಂದು ಚಿಪ್ ಕೀ ಇದ್ದರೆ ಅದೂ ಗೊಂದಲ ಮಾಡಬಹುದು. ಪರೀಕ್ಷೆಯ ಹೊತ್ತಿಗೆ ಬೇರೆ ಕೀಗಳನ್ನು ದೂರವಿಡಿ.

ನೋಂದಣಿಯ ಕ್ರಮ ಕಾರಿನಿಂದ ಕಾರಿಗೆ ಬೇರೆ. ಈಗಾಗಲೇ ನೋಂದಾಯಿಸಿದ ಎರಡು ಕೀಗಳಿದ್ದರೆ ಮೂರನೆಯದನ್ನು ಮಾಲೀಕರೇ ಸೇರಿಸಿಕೊಳ್ಳಲು ಕೆಲವು ಕಾರುಗಳು ಬಿಡುತ್ತವೆ. ಉಳಿದವು ಸ್ಕ್ಯಾನರನ್ನೂ ಗುಪ್ತಸಂಖ್ಯೆಯನ್ನೂ ಕೇಳುತ್ತವೆ. ಹಳೆಯ ಚಿಪ್ಪನ್ನೇ ಹೊಸ ಕೀಗೆ ಸಾಗಿಸುವುದಾದರೆ ಒಂದು ಎಚ್ಚರಿಕೆ: ಅದು ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ಗಾಜಿನ ಕೊಳವೆ ಅಥವಾ ಕಪ್ಪು ತುಣುಕು. ರಿಮೋಟಿನ ಬ್ಯಾಟರಿ ಬದಲಿಸುವಾಗ ಅದು ನೆಲಕ್ಕೆ ಬಿದ್ದು, ಕಸದ ಜೊತೆ ಗುಡಿಸಿಹೋಗಿ, ಕಾರು ಸ್ಟಾರ್ಟ್ ಆಗದೆ ತಲೆ ಕೆಡಿಸಿಕೊಂಡವರಿದ್ದಾರೆ. ತಟ್ಟೆಯೊಂದರ ಮೇಲೆ ಕೀ ಬಿಚ್ಚಿ.

ಪ್ರಶ್ನೆ: ನನ್ನದು ಇನ್ನೂ ಹಳೆಯ ಅಮೆರಿಕನ್ ಕಾರು. ಕೀಯ ಅಲಗಿನ ಮೇಲೆ ಕಪ್ಪು ಗುಂಡಿಯೊಂದಿದೆ. ಇದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ತತ್ತ್ವ ಅದೇ, ಸಾಧನ ಬೇರೆ. ಇದು ಜನರಲ್ ಮೋಟಾರ್ಸ್ 1986ರ ಕಾರ್ವೆಟ್‌ನಲ್ಲಿ ಮೊದಲು ತಂದ ವ್ಯಾಟ್ಸ್ ವ್ಯವಸ್ಥೆ. ಆ ಗುಂಡಿಯೊಳಗಿರುವುದು ಚಿಪ್ ಅಲ್ಲ, ವಿದ್ಯುತ್ತಿಗೆ ಇಂತಿಷ್ಟೇ ತಡೆಯೊಡ್ಡುವ ಬರಿಯ ರೆಸಿಸ್ಟರ್. ಆ ತಡೆಗೆ 402 ಓಮ್‌ನಿಂದ 11,800 ಓಮ್‌ವರೆಗೆ 15 ಬೆಲೆಗಳಿದ್ದು, ನಿಮ್ಮದು ಯಾವುದೆಂದು ಮಲ್ಟಿಮೀಟರಿನ ಎರಡು ಮೊನೆಗಳನ್ನು ಗುಂಡಿಯ ಎರಡು ಬದಿಗಿಟ್ಟರೆ ತಿಳಿಯುತ್ತದೆ. ಹೊಸ ಕೀ ಮಾಡಿಸುವಾಗ ಹಲ್ಲಿನ ಕೋಡೂ ಈ ಬೆಲೆಯೂ ಎರಡೂ ಹೊಂದಬೇಕು. ಬೆಲೆ ತಪ್ಪಿದ ಕೀ ಹಾಕಿದರೆ ಕಾರು ಕೆಲವು ನಿಮಿಷಗಳ ಕಾಲ ಮುನಿಸಿಕೊಂಡು, ಸರಿಯಾದ ಕೀಯನ್ನೂ ಒಪ್ಪುವುದಿಲ್ಲ.

ಇಲ್ಲಿ ಕೈಕೊಡುವುದು ಹೆಚ್ಚಾಗಿ ಸಿಲಿಂಡರ್‌ನಿಂದ ಸ್ಟೀರಿಂಗ್ ಕಂಬದೊಳಗೆ ಇಳಿಯುವ ಎರಡು ತೆಳು ತಂತಿಗಳು. ಕೀ ತಿರುಗಿದಾಗಲೆಲ್ಲ ಅವೂ ಮಡಚಿಕೊಂಡು ಒಂದು ದಿನ ಒಳಗೇ ತುಂಡಾಗುತ್ತವೆ. ಕೀ ಹಾಕಿಟ್ಟು ಕಂಬದ ಕೆಳಗಿನ ಕನೆಕ್ಟರಿನಲ್ಲಿ ಓಮ್ ಅಳೆಯಿರಿ. ಕೀಯ ಬೆಲೆಯೇ ಅಲ್ಲಿಯೂ ಬರಬೇಕು, ಕೀ ತಿರುಗಿಸುವಾಗಲೂ ಅಲುಗಬಾರದು. ಬಾರದಿದ್ದರೆ ತಂತಿಯ ಸಮೇತ ಸಿಲಿಂಡರ್ ಬದಲಿಸಬೇಕು. ಹಳೆಯ ತಂತಿಯ ತುದಿಗೆ ಗಟ್ಟಿ ದಾರ ಕಟ್ಟಿ ಹೊರಗೆಳೆದರೆ, ಹೊಸ ತಂತಿಯನ್ನು ಅದೇ ದಾರದಿಂದ ಅದೇ ದಾರಿಯಲ್ಲಿ ಇಳಿಸಬಹುದು. 1990ರ ದಶಕದಲ್ಲಿ ಅದೇ ಕಂಪನಿ ತಂದ ಪಾಸ್‌ಲಾಕ್‌ನ ಕಥೆ ಬೇರೆ: ಅಲ್ಲಿ ಗುರುತು ಕೀಯಲ್ಲಿರದೆ ಲಾಕ್‌ನಲ್ಲೇ ಇರುವುದರಿಂದ, ಆ ಭಾಗ ಬದಲಾದರೆ ಕಾರಿಗೆ ಹೊಸ ಗುರುತನ್ನು ಕಲಿಸಲೇಬೇಕು.

ಪ್ರಶ್ನೆ: ಇಷ್ಟೆಲ್ಲ ಏಕೆ? ಹಳೆಯ ಚಿಪ್ಪನ್ನು ಉಂಗುರದ ಪಕ್ಕದಲ್ಲೇ ಅಂಟಿಸಿ, ಚಿಪ್ಪಿಲ್ಲದ ಕೀ ಬಳಸಿದರೆ ಸಾಲದೇ?

ಉತ್ತರ: ಕಾರು ಓಡುತ್ತದೆ, ನಿಮ್ಮ ಕೈಯಲ್ಲೂ ಓಡುತ್ತದೆ, ಕಳ್ಳನ ಕೈಯಲ್ಲೂ ಓಡುತ್ತದೆ. ಯುರೋಪಿನಲ್ಲಿ 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾದದ್ದು, ಲಾಕ್ ಒಡೆದು ತಂತಿ ಜೋಡಿಸಿದರೂ ಎಂಜಿನ್ ಓಡಬಾರದೆಂದೇ. ಉಂಗುರ ಕೆಟ್ಟಿದೆಯೋ ಕೀ ಕೆಟ್ಟಿದೆಯೋ ಎಂದು ತಿಳಿಯಲು ಒಂದು ಗಂಟೆ ಹೀಗೆ ಅಂಟಿಸಿ ನೋಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಕಾಯಂ ಆಗಿ ಬಿಡುವುದಾದರೆ, ಕಾರು ವಿಮೆಯಲ್ಲಿದ್ದಲ್ಲಿ, ಹೀಗೆ ಮಾಡಿರುವುದನ್ನು ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಅವರ ಉತ್ತರ ಬಂದ ಮೇಲೆ ಅಂಟು ಕೈಗೆತ್ತಿಕೊಳ್ಳಿ.