ಪ್ರತಿಕ್ರಿಯೆ: ಫ್ರೇಮ್ ಅಂಗಡಿಯಿಂದ ಗ್ಯಾಲರಿಗೆ

ಮೈಸೂರಿನಲ್ಲಿ ಫೋಟೋಗೆ ಫ್ರೇಮ್ ಹಾಕುವ ನಾನು ಆರ್ಟ್ ಗ್ಯಾಲರಿ ತೆರೆದರೆ ಜನ ನಗುವುದಿಲ್ಲವೇ ಎಂದು ಕೇಳಿದ್ದೀರಿ. ನಗಲಿ ಬಿಡಿ ಸಾರ್. ಮುಂಬೈನ ಕೇಕೂ ಗಾಂಧಿ ಶುರು ಮಾಡಿದ್ದೂ ಫ್ರೇಮಿನಿಂದಲೇ. 1941ರಲ್ಲಿ ಕೆಮೋಲ್ಡ್ ಎಂಬ ಫ್ರೇಮ್ ಕಂಪನಿ ತೆರೆದರು. ಆಗ ಹೊಸ ಕಲಾವಿದರಿಗೆ ಚಿತ್ರ ತೋರಿಸಲು ಜಾಗವೇ ಕಷ್ಟ. ಇವರು ತಮ್ಮ ಷೋರೂಮಿನ ಕಿಟಕಿಯಲ್ಲಿ ಆರಾ, ಹುಸೇನ್, ನಮ್ಮ ಉಡುಪಿ ಕಡೆಯ ಹೆಬ್ಬಾರ್ ಅವರ ಚಿತ್ರಗಳನ್ನು ಇಟ್ಟರು. ಫ್ರೇಮ್ ನೋಡಲು ಬಂದವರ ಕಣ್ಣಿಗೆ ಚಿತ್ರವೂ ಬೀಳಬೇಕಲ್ಲ! ಜಹಾಂಗೀರ್ ಆರ್ಟ್ ಗ್ಯಾಲರಿಯ ಮಹಡಿ ಮೇಲೆ ಗ್ಯಾಲರಿ ಕೆಮೋಲ್ಡ್ ಶುರುವಾಗಿದ್ದು 1963ರಲ್ಲಿ. ಲೆಕ್ಕ ಹಾಕಿ, ಫ್ರೇಮಿನಿಂದ ಗ್ಯಾಲರಿಗೆ 22 ವರ್ಷ. ಆಮೇಲೆ ಮಗಳು ಶಿರೀನ್ ವಹಿಸಿಕೊಂಡರು, 2007ರಲ್ಲಿ ಗ್ಯಾಲರಿಯನ್ನು ಮುಂಬೈನದೇ ಪ್ರೆಸ್ಕಾಟ್ ರಸ್ತೆಗೆ ತಂದರು.

ಹಾಗಾಗಿ ಈಗಿರುವ ಅಂಗಡಿ ಮಾತ್ರ ಮುಚ್ಚಬೇಡಿ. ಚಿತ್ರ ತಿಂಗಳುಗಟ್ಟಲೆ ಮಾರಾಟವಾಗದೇ ಇರಬಹುದು, ಬಾಡಿಗೆ ಕಾಯುವುದಿಲ್ಲ. ನಿಮ್ಮೂರಲ್ಲೇ ಚಿತ್ರಕಲೆ ಕಲಿಸುವ ಕಾವಾ ಕಾಲೇಜು ಇದೆ ಅಲ್ವಾ? ಅಲ್ಲಿನ ಒಂದಿಬ್ಬರು ಹುಡುಗರ ಚಿತ್ರ ಕೇಳಿ ತಂದು ಅಂಗಡಿ ಕಿಟಕಿಯ ಗಾಜಿನ ಹಿಂದೆ ಇಡಿ. ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ, ಮಾರಿದರೆ ಕಮಿಷನ್ ಎಷ್ಟು ಎಂದು ಮೊದಲೇ ಮಾತಾಡಿ. ಅದನ್ನು ಕಾಗದದಲ್ಲಿ ಬರೆದಿಡಿ. ಬಾಯಿಮಾತಿನ ಲೆಕ್ಕದಲ್ಲಿ ನಾನು ಒಬ್ಬ ಗೆಳೆಯನನ್ನೇ ಕಳೆದುಕೊಂಡಿದ್ದೇನೆ.