ಒಂಟೆ ಮರಿಯ ಮೈಮೇಲೆ ದುಂಡನೆ ಕಲೆ: ಕಜ್ಜಿಯೋ, ಹುಳುಕಡ್ಡಿಯೋ?
ಬಹುಶಃ ಹುಳುಕಡ್ಡಿ, ಅಂದರೆ ಫಂಗಸ್. ಒಂದು ವರ್ಷದ ಮರಿ, ಮುಖ ಮತ್ತು ಕತ್ತಿನಲ್ಲಿ ದುಂಡಗೆ ಕೂದಲು ಉದುರಿದೆ, ಬೂದು ಹಕ್ಕಳೆ ಕಟ್ಟಿದೆ, ತುರಿಕೆ ಅಷ್ಟಿಲ್ಲ ಅಂತೀರಲ್ವಾ? ಕಜ್ಜಿ ಆಗಿದ್ದರೆ ಅದು ಸುಮ್ನೆ ನಿಲ್ಲುತ್ತಿರಲಿಲ್ಲ, ಕಂಡ ಕಂಬಕ್ಕೆಲ್ಲ ಮೈ ಉಜ್ಜುತ್ತಿತ್ತು. ಆದರೂ ಎರಡೂ ಒಟ್ಟಿಗೆ ಇರಬಹುದು. ಬರೀ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ, ಮಾದರಿ ತೆಗೆದು ಲ್ಯಾಬ್‌ಗೆ ಕಳಿಸಬೇಕು.

ಮೊದಲು ಕೈಗವಸು ಹಾಕಿಕೊಳ್ಳಿ, ಇದು ಮನುಷ್ಯರಿಗೂ ಅಂಟುತ್ತದೆ. ಮುಲಾಮು ಹಚ್ಚದ ಹೊಸ ಕಲೆಯೊಂದನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಡಿ. ಕಲೆಯ ನಡುಭಾಗವನ್ನು ಹೆರೆಯಬೇಡಿ. ಫಂಗಸ್ ಜೀವಂತ ಇರುವುದು ಅಂಚಿನಲ್ಲಿ. ಅಲ್ಲಿನ ಹೊಟ್ಟು ಕೆರೆದು, ಮುರುಕು ಕೂದಲನ್ನು ಚಿಮುಟದಿಂದ ಬುಡಸಮೇತ ಕಿತ್ತು ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಬೇಡ, ತೇವಕ್ಕೆ ಬೇರೆ ಬೂಷ್ಟು ಬೆಳೆದುಬಿಡುತ್ತದೆ. ಕಜ್ಜಿ ಹುಳು ನೋಡಲು ಇನ್ನೊಂದು ಕಡೆ ಸ್ವಲ್ಪ ರಕ್ತ ಜಿನುಗುವಷ್ಟು ಆಳಕ್ಕೆ ಹೆರೆಯಬೇಕು. ಅದನ್ನು ಪಶುವೈದ್ಯರೇ ಮಾಡಲಿ.

ಲ್ಯಾಬ್‌ನಲ್ಲಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದರಲ್ಲಿ ಏನೂ ಕಾಣದಿದ್ದರೆ ಕಲ್ಚರ್ (ಮಾದರಿಯಿಂದ ಫಂಗಸ್ ಬೆಳೆಸಿ ನೋಡುವ ಪರೀಕ್ಷೆ) ಕೇಳಿ. ಹುಳುಕಡ್ಡಿ ತರುವ ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಫಂಗಸ್ ಬೆಳೆಯುವುದು ತುಂಬಾ ನಿಧಾನ, 37 ಡಿಗ್ರಿಯಲ್ಲಿಟ್ಟು 4 ವಾರ ಕಾಯಬೇಕಾಗಬಹುದು. ವುಡ್ಸ್ ಲ್ಯಾಂಪ್‌ನಲ್ಲಿ (ಚರ್ಮ ಪರೀಕ್ಷಿಸುವ ನೇರಳಾತೀತ ದೀಪ) ಅದು ಹೊಳೆಯುವುದಿಲ್ಲ, ಹಾಗಾಗಿ ಹೊಳಪಿಲ್ಲ ಅಂತ ಫಂಗಸ್ ಅಲ್ಲ ಅಂದುಕೊಳ್ಳಬೇಡಿ.

ವರದಿ ಬರೋವರೆಗೆ ಮರಿಯನ್ನು ಬೇರೆ ಕಟ್ಟಿ, ಅದರ ಹಗ್ಗ, ಬ್ರಷ್ ಬೇರೆಯವಕ್ಕೆ ಬಳಸಬೇಡಿ.